ಸುಂಯ್ ಮಾಸ್ತರು

ಸುಲೇಪೇಟದಿಂದ ಸೇಡಂವರೆಗೆ, ವಾಡಿಯಿಂದ ಶಹಾಬಾದವರೆಗೆ, ಈಗ ಊರಿಗೊಬ್ಬರಾದರೂ ಸುಂಯ್ ಮಾಸ್ತರು ಸಿಗುತ್ತಾರೆ. ಇವರು ಶಾಲೆಯ ಮಾಸ್ತರರಲ್ಲ. ಹಗಲೆಲ್ಲ ಕಿರಾಣಿ ಅಂಗಡಿಯನ್ನೋ ಝೆರಾಕ್ಸ್ ಅಂಗಡಿಯನ್ನೋ ಸಿಮೆಂಟ್ ಫ್ಯಾಕ್ಟರಿಯ ಶಿಫ್ಟನ್ನೋ ಮುಗಿಸಿ, ಸಂಜೆ ಮನೆಯ ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಹೆಡ್‌ಫೋನ್ ಏರಿಸಿದರೆಂದರೆ ಆ ಕೋಣೆಯೇ ಸ್ಟುಡಿಯೋ. ಭಜನಿ ಮಂಡಳಿಯ ತತ್ವಪದ, ತಾಂಡಾದ ಹೆಣ್ಣುಮಕ್ಕಳ ಲಂಬಾಣಿ ಹಾಡು, ಮೊಹರಂಗೆ ರಿವಾಯತ್ ಪದ, ಚುನಾವಣೆಗೆ ಆಟೋ ಪ್ರಚಾರ, ಎಲ್ಲಕ್ಕೂ ಅವರೇ ಬೇಕು. ಊರವರು ಹಾಡು ಕೇಳುತ್ತಾರೆ. ಮಾಸ್ತರರು ಹಾಡು ನಿಂತಾಗ ಉಳಿಯುವುದನ್ನು ಕೇಳುತ್ತಾರೆ. ಎರಡು ನುಡಿಗಳ ನಡುವೆ ಹಾಡುವವರು ಉಸಿರೆಳೆದುಕೊಳ್ಳುವ ಜಾಗ ಹಿಡಿದು, ವಾಲ್ಯೂಮ್ ಪೂರ್ತಿ ಏರಿಸಿ, "ಸುಂಯ್ ಅಂತದ ನೋಡ್ರಿ" ಎಂದು ಎದುರಿದ್ದವರ ಕಿವಿಗೂ ಹೆಡ್‌ಫೋನ್ ಹಚ್ಚುತ್ತಾರೆ. ಎದುರಿದ್ದವರಿಗೆ ಏನೂ ಕೇಳಿಸುವುದಿಲ್ಲ. ಆದರೂ ಗೋಣು ಹಾಕುತ್ತಾರೆ. ಚಹಾ ಇನ್ನೂ ಬಂದಿರುವುದಿಲ್ಲ.

ಇವರ ಮನೆಯ ಮಾಡದಲ್ಲಿ ಹಳೆಯ ಸೌಂಡ್ ಕಾರ್ಡುಗಳು ಸಾಲಾಗಿ ಕೂತಿರುತ್ತವೆ. ಮೊದಲು ಕಂಪ್ಯೂಟರಿನ ಹಿಂದಿನ, ಮೈಕಿನ ಗುಲಾಬಿ ತೂತು. ಆಮೇಲೆ ಆನ್‌ಲೈನಿನಲ್ಲಿ ತರಿಸಿದ ವಿ8, ಅದರ ಜೋಡಿ ಬಂದ ಬಿಎಂ-800 ಮೈಕು. ವಿ8ನ ಮೈಮೇಲೆ ಚಪ್ಪಾಳೆಗೊಂದು, ನಗುವಿಗೊಂದು ಗುಂಡಿ ಇದ್ದವು. ತತ್ವಪದಕ್ಕೆ ಎರಡೂ ಬೇಕಾಗಲಿಲ್ಲ; ಒಮ್ಮೆ ಕೈತಪ್ಪಿ ಒತ್ತಿದಾಗ ಮಾತ್ರ ಭಜನೆಯಲ್ಲಿ ಸಾವಿರಾರು ಜನ ನಕ್ಕರು. ಅದಾದ ಮೇಲೆ ಒಂದು ಯುಎಸ್‌ಬಿ ಡಬ್ಬಿ, ನಂತರ ಅದಕ್ಕಿಂತ ದುಬಾರಿಯ ಇನ್ನೊಂದು. ಪ್ರತಿ ಸಲವೂ ಕಲಬುರಗಿಯ ಅಂಗಡಿಯವರು "ಇದ್ರಾಗ ಸುಂಯ್ ಬರಂಗಿಲ್ರಿ" ಎಂದಿರುತ್ತಾರೆ. ಪ್ರತಿ ಸಲವೂ ಸುಂಯ್ ಬಂದಿರುತ್ತದೆ. ತೊಗರಿಗೆ ಹುಳ ಹತ್ತಿದರೆ ಚೀಲ ಬದಲಿಸುವ ಈ ಕ್ರಮದ ಬಗ್ಗೆ ನನ್ನ ವಾದ ಒಂದೇ. ಮಾಸ್ತರರ ಸುಂಯ್‌ಗೆ ಮೂಲ ಡಬ್ಬಿಯಲ್ಲ, ಅವರ ಸಂಕೋಚ. ಯಾರಿಗೂ ಏನನ್ನೂ ಹೇಳಲಾರದ ಒಳ್ಳೆಯತನಕ್ಕೆ ಅವರು ಕಂತಿನಲ್ಲಿ ದಂಡ ಕಟ್ಟುತ್ತಿದ್ದಾರೆ.

ಈ ಸಪ್ಪಳ ಎಲ್ಲಿಂದ ಹುಟ್ಟುತ್ತದೆ ಎಂಬುದು ಗುಟ್ಟೇನಲ್ಲ. 1928ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಾನ್ಸನ್ ಅದನ್ನು ಅಳೆದು ತೋರಿಸಿದರು, ಅಲ್ಲಿಯೇ ಇದ್ದ ನೈಕ್ವಿಸ್ಟ್ ಲೆಕ್ಕ ಹಾಕಿ ವಿವರಿಸಿದರು. ಯಾವ ತಂತಿಯಲ್ಲೂ ಶಾಖದಿಂದ ಎಲೆಕ್ಟ್ರಾನುಗಳು ಸುಮ್ಮನೆ ಅತ್ತಿತ್ತ ಓಡಾಡುತ್ತವೆ. ಆ ಓಡಾಟವನ್ನು ದೊಡ್ಡದು ಮಾಡಿ ಕೇಳಿದರೆ ಸುಂಯ್. ಶಾಖವೇ ಕಾರಣ ಎಂದೊಡನೆ ಮಾಸ್ತರರು ನಮ್ಮ ಬಿಸಿಲಿನ ಕಡೆ ಬೊಟ್ಟು ಮಾಡುತ್ತಾರೆ: "ಬೆಂಗಳೂರಾಗ ತಂಪದ, ಅವ್ರಿಗಿ ಬರಂಗಿಲ್ಲ." ಲೆಕ್ಕ ಹಾಗೆ ಹೇಳುವುದಿಲ್ಲ. 20 ಡಿಗ್ರಿಯ ತಂಪು ಕೋಣೆಯಿಂದ 43 ಡಿಗ್ರಿಯ ಚಿಂಚೋಳಿ ಮೇ ತಿಂಗಳಿಗೆ ಬಂದರೂ ಈ ಸಪ್ಪಳ ಹೆಚ್ಚುವುದು ಒಂದು ಡೆಸಿಬಲ್‌ನ ಮೂರನೆಯ ಒಂದು ಪಾಲಿನಷ್ಟು. ಬಿಸಿಲನ್ನು ಬೇರೆ ಎಷ್ಟಕ್ಕಾದರೂ ಬೈಯಬಹುದು, ಇದಕ್ಕೆ ಬೈಯುವಂತಿಲ್ಲ.

ಇನ್ನು ಡಬ್ಬಿಯ ಲೆಕ್ಕ. 150 ಓಮ್‌ನ ಮೈಕೊಂದಕ್ಕೆ ನಿಸರ್ಗವೇ ಹಾಕಿಟ್ಟ ಸಪ್ಪಳದ ತಳ, ಡೆಸಿಬಲ್‌ನದೇ ಒಂದು ಅಳತೆಯಲ್ಲಿ, ಸುಮಾರು ಮೈನಸ್ 131 ಡಿಬಿಯು. ಇದಕ್ಕಿಂತ ಕೆಳಗೆ ಲಕ್ಷ ರೂಪಾಯಿಯ ಯಂತ್ರವೂ ಇಳಿಯಲಾರದು. ಇಂದಿನ ಸಾಧಾರಣ ಬೆಲೆಯ ಯುಎಸ್‌ಬಿ ಡಬ್ಬಿಗಳೇ ಮೈನಸ್ 125ರಿಂದ 128ರ ಆಸುಪಾಸಿನಲ್ಲಿವೆ. ಅಂದರೆ ಎರಡನೆಯ ಡಬ್ಬಿಯಿಂದ ಮೂರನೆಯದಕ್ಕೆ ಜಿಗಿದಾಗ ಮಾಸ್ತರರಿಗೆ ದಕ್ಕುವುದು ಮೂರೋ ನಾಲ್ಕೋ ಡೆಸಿಬಲ್. ಇದೇ ಹೊತ್ತಿಗೆ ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧ ಮಾಡಿದರೆ ಆರು ಡೆಸಿಬಲ್ ಪುಕ್ಕಟೆ. 60 ಸೆಂಟಿಮೀಟರ್‌ನಿಂದ 15ಕ್ಕೆ ತಂದರೆ ಹನ್ನೆರಡು. ದನಿ ಅಷ್ಟು ದೊಡ್ಡದಾಗಿ ಬಂದಾಗ ಗೇನ್, ಅಂದರೆ ಡಬ್ಬಿ ದನಿಯನ್ನು ಹಿಗ್ಗಿಸುವ ಪ್ರಮಾಣ, ಅಷ್ಟು ಇಳಿಸಬಹುದು. ಗೇನ್ ಇಳಿದರೆ ಸುಂಯ್ ತಾನೇ ಇಳಿಯುತ್ತದೆ, ಕೋಣೆಯ ಗದ್ದಲವೂ ಜೊತೆಗೆ ಇಳಿಯುತ್ತದೆ. ಇದು ಮಾಸ್ತರರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ, ಬಂದವರಿಗೆಲ್ಲ ಅವರೇ ಪಾಠ ಹೇಳುತ್ತಾರೆ. ಗೊತ್ತಿದ್ದೂ ಯಾಕೆ ಮಾಡುವುದಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ.

ಮಾಡುವುದಿಲ್ಲ, ಯಾಕೆಂದರೆ ಎದುರಿಗೆ ಕೂತವರು ಮುತ್ಯಾ. ಭಜನಿ ಮಂಡಳಿ ಬಂತೆಂದರೆ ಜಮಖಾನ ಹಾಸಿ, ಗೋಡೆಗೆ ದಿಂಬು ಒರಗಿಸಿ, ಏಕತಾರಿ ಹಿಡಿದ ಹಿರಿಯರನ್ನು ಕೂಡಿಸುವುದು ಮರ್ಯಾದೆ. ಅವರು ಗೋಡೆಗೆ ಒರಗುತ್ತಾರೆ. ಮೈಕು ನಡುಮನೆಯ ಸ್ಟೂಲಿನ ಮೇಲೆ, ಅದರ ಹತ್ತಿರದಲ್ಲಿ ತಾಳ ಹಿಡಿದ ಉತ್ಸಾಹಿ ಹುಡುಗ. ರೆಕಾರ್ಡಿಂಗಿನಲ್ಲಿ ತಾಳ ಸಿಡಿಲಿನಂತಿರುತ್ತದೆ, ಮುತ್ಯಾನ ದನಿ ಬಾಜೂ ಊರಿಂದ ಬಂದಂತಿರುತ್ತದೆ. "ಮುತ್ಯಾ, ಜರಾ ಮುಂದ ಸರಕೊಂಡು ಕೂಡ್ರಿ" ಎನ್ನಲು ಮಾಸ್ತರರಿಗೆ ಬಾಯಿ ಬರುವುದಿಲ್ಲ. ತಾಳದ ಹುಡುಗನಿಗೆ ಹಿಂದೆ ಸರಿ ಎನ್ನಬಹುದಿತ್ತು, ಆದರೆ ಅವನು ಸರಪಂಚರ ಅಳಿಯ. ಹೀಗಾಗಿ ಯಾರನ್ನೂ ಕದಲಿಸದೆ ಗೇನ್ ಗುಂಡಿಯನ್ನೇ ಕೊನೆತನಕ ತಿರುವುತ್ತಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಮೈಕೇ ಇರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಯ ಬಾಯಿಗೆ ಮುಖವಿಟ್ಟು ಹಾಡಬೇಕಿತ್ತು. ಅಂಥ ಹೆಸರಾಂತ ಗಾಯಕಿಯೂ ಯಂತ್ರದ ಹತ್ತಿರ ಸರಿದರು. ವಿದ್ಯುತ್ ಮೈಕು ಬಂದು ದೂರದಿಂದಲೂ ಹಾಡಬಹುದು ಎಂದಾದ ಮೇಲೆಯೇ ಮನೆಮನೆಗೆ ಈ ಸಂಕೋಚ ಹೊಕ್ಕಿತು.

ಫ್ಯಾನಿನ ಕಥೆಯೂ ಇದೇ. ತಿರುಗುವ ಫ್ಯಾನಿನ ಕೆಳಗೆ ಕೋಣೆಯ ಸಪ್ಪಳ ನಲವತ್ತು ಡೆಸಿಬಲ್ ಮೀರುವುದು ಸಹಜ. ಒಳ್ಳೆಯ ಕಂಡೆನ್ಸರ್ ಮೈಕಿನ ಸ್ವಂತ ಸುಂಯ್ ಹತ್ತು-ಹದಿನೈದರ ಆಸುಪಾಸು. ಕೆಲವು ಮೈಕುಗಳದು ಐದೇ. ಫ್ಯಾನಿನ ಅಡಿಯಲ್ಲಿ ಅಂಥ ಮೈಕು ಇಟ್ಟು ಡಬ್ಬಿಯ ಸುಂಯ್ ಹುಡುಕುವವರ ತಾಳ್ಮೆಗೆ ಪ್ರಶಸ್ತಿ ಕೊಡಬೇಕು. ಆದರೆ ಬೇಸಿಗೆಯಲ್ಲಿ ಬಂದ ಅತಿಥಿಗಳ ತಲೆಯ ಮೇಲಿನ ಫ್ಯಾನ್ ಬಂದ್ ಮಾಡುವ ಎದೆಗಾರಿಕೆ ನಮ್ಮ ಸೀಮೆಯಲ್ಲಿ ಯಾರಿಗಿದೆ? ಅಡುಗೆಮನೆಯಲ್ಲಿ ವೈನಿ ಜೋಳದ ರೊಟ್ಟಿ ಬಡಿಯುತ್ತಿರುತ್ತಾರೆ, ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ, ಶಹಾಬಾದಿನ ಮಾಸ್ತರರಿಗಾದರೆ ಕಲ್ಲು ಕೊಯ್ಯುವ ಮಷಿನ್, ವಾಡಿಯವರಿಗೆ ಜಂಕ್ಷನ್ನಿನ ರೈಲು. ಸಾಲದ್ದಕ್ಕೆ ಈ ಭಾಗ ನಾಡಿಗೆಲ್ಲ ಹಂಚುವ ಎರಡು ಸರಕು, ಪರಸಿ ಕಲ್ಲು ಮತ್ತು ಸಿಮೆಂಟು, ಇವೆರಡರಿಂದಲೇ ಕಟ್ಟಿದ ಕೋಣೆ. ಆಡಿದ ಮಾತು ನೆಲಕ್ಕೆ ಬಡಿದು, ಗೋಡೆಗೆ ಬಡಿದು ಮೈಕಿಗೆ ಮತ್ತೆ ಮತ್ತೆ ಮರಳುತ್ತದೆ. ಇದಕ್ಕೆ ಮಾಸ್ತರರು ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸುತ್ತಾರೆ. ಟ್ರೇ ಗಿರಣಿಯ ಸಪ್ಪಳವನ್ನು ತಡೆಯುವುದಿಲ್ಲ, ಮಾರ್ದನಿಯನ್ನು ಅಷ್ಟಿಷ್ಟು ಚೆದುರಿಸೀತು, ಅಷ್ಟೇ. ಟ್ರಂಕಿನಲ್ಲಿ ಮಡಿಚಿಟ್ಟ ಆಯಿಯ ದಪ್ಪ ಕೌದಿಗಳೆರಡನ್ನು ಹಾಡುವವರ ಹಿಂದೆ ಇಳಿಬಿಟ್ಟು, ಒಂದನ್ನು ಪರಸಿಯ ಮೇಲೆ ಹಾಸಿದರೆ ಹೆಚ್ಚು ಫಲ. ಆದರೆ ಆಯಿಯನ್ನು ಕೇಳಬೇಕಲ್ಲ!

ನಮ್ಮ ಊರುಗಳಿಗೆ ದೈವ ಕೊಟ್ಟ ಒಂದು ಅನುಕೂಲವನ್ನಂತೂ ಮಾಸ್ತರರು ಶಾಪವೆಂದೇ ತಿಳಿದಿದ್ದಾರೆ. ಕರೆಂಟ್ ಹೋದ ಗಳಿಗೆಯಲ್ಲಿ ಫ್ಯಾನ್ ನಿಲ್ಲುತ್ತದೆ, ಫ್ರಿಜ್ ನಿಲ್ಲುತ್ತದೆ, ಕರೆಂಟಿನ ಗಿರಣಿ ನಿಲ್ಲುತ್ತದೆ, ನೆರೆಮನೆಯ ಟಿವಿ ನಿಲ್ಲುತ್ತದೆ. 50 ಹರ್ಟ್ಸ್‌ನ ಕರೆಂಟಿನಿಂದಲೂ ಅಡ್ಡಾದಿಡ್ಡಿ ಅರ್ಥಿಂಗಿನಿಂದಲೂ ಬರುವ ಗುಂಯ್ ಕೂಡ, ಅದು ಸುಂಯ್‌ನ ಬೇರೆಯೇ ಜಾತಿ, ತಾನಾಗಿ ಅಡಗುತ್ತದೆ. ಯಾರಿಗೂ ಒಂದು ಮಾತು ಹೇಳಬೇಕಾಗಿಲ್ಲ. ಹೇಳಲಾರದವರ ಪರವಾಗಿ ವಿದ್ಯುತ್ ಇಲಾಖೆಯೇ ಎಲ್ಲರ ಬಾಯಿ ಮುಚ್ಚಿಸಿರುತ್ತದೆ. ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್, ಅದರಿಂದಲೇ ಕರೆಂಟು ಪಡೆಯುವ ಯುಎಸ್‌ಬಿ ಡಬ್ಬಿ ಇದ್ದರೆ ಸುಲೇಪೇಟದ ಒಳಕೋಣೆ ಆ ಅರ್ಧ ತಾಸು ದೊಡ್ಡ ಸ್ಟುಡಿಯೋಗಳಿಗೆ ಹತ್ತಿರವಾಗುತ್ತದೆ. ಆಗ ಮಾಸ್ತರರು ಏನು ಮಾಡುತ್ತಾರೆ? ಹೆಡ್‌ಫೋನ್ ಕಳಚಿ, ಅಂಗಳಕ್ಕೆ ಬಂದು, ಲೈನ್‌ಮನ್‌ಗೆ ಫೋನ್ ಹಚ್ಚುತ್ತಾರೆ.

ಹಾಗಾದರೆ ಸೌಂಡ್ ಕಾರ್ಡಿಗೆ ಏನೂ ಬೆಲೆಯಿಲ್ಲವೇ ಎಂದು ಕೇಳಬಹುದು. ಇದೆ, ಮೊದಲ ಸಲದ ಖರೀದಿಗೆ ಖಂಡಿತ ಇದೆ. ಕಂಪ್ಯೂಟರಿನ ಒಳಗಿನ ಕಾರ್ಡು ಪ್ರೊಸೆಸರ್, ಪವರ್ ಸಪ್ಲೈಗಳ ಗದ್ದಲದ ನಡುವೆ ಕೂತಿರುತ್ತದೆ. ಅದರ ಮೈಕ್ ಬೂಸ್ಟ್ ಒತ್ತಿದರೆ ದನಿಗಿಂತ ಮೊದಲು ಆ ಗದ್ದಲವೇ ಎದ್ದು ನಿಲ್ಲುತ್ತದೆ. ಬಿಎಂ-800ರ ಜೊತೆ ಬರುವ, ಒಂದು ತುದಿಗೆ ಮೂರು ಪಿನ್ನು ಇನ್ನೊಂದು ತುದಿಗೆ ಮೊಬೈಲ್ ಪಿನ್ನು ಇರುವ ಕೇಬಲ್ ದಾರಿಯ ಸಪ್ಪಳವನ್ನೆಲ್ಲ ಹೊತ್ತು ತರುತ್ತದೆ. ಎರಡೂ ತುದಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್, 48 ವೋಲ್ಟ್ ಫ್ಯಾಂಟಮ್ ಪವರ್ ಕೊಡುವ ಡಬ್ಬಿ ಬಂದ ದಿನ ಫರಕು ಯಾರ ಕಿವಿಗೂ ತಿಳಿಯುತ್ತದೆ. ಇನ್ನೊಂದು ಆಕ್ಷೇಪವೂ ನ್ಯಾಯವಾದದ್ದೇ. ಪಾಡ್‌ಕಾಸ್ಟ್ ವಿಡಿಯೋಗಳಲ್ಲಿ ಕಾಣುವ ಶೂರ್ ಎಸ್‌ಎಂ7ಬಿಯಂಥ ಡೈನಾಮಿಕ್ ಮೈಕು 60 ಡೆಸಿಬಲ್‌ನಷ್ಟು ಗೇನ್ ಬೇಡುತ್ತದೆ, ಸಣ್ಣ ಡಬ್ಬಿಗಳು ಅಷ್ಟಕ್ಕೆ ಏದುಸಿರು ಬಿಡುತ್ತವೆ. ನಿಜ. ಆದರೆ ಆ ವಿಡಿಯೋಗಳಲ್ಲಿ ಮಾತಾಡುವವರ ತುಟಿ ಮೈಕಿಗೆ ಮೂರು ಬೆರಳು ದೂರದಲ್ಲಿರುವುದನ್ನೂ ನೋಡಬೇಕು. ಮಾಸ್ತರರು ಮೈಕು ನೋಡಿದರು, ತುಟಿ ನೋಡಲಿಲ್ಲ.

ಸಾಫ್ಟ್‌ವೇರ್ ಇದೆಯಲ್ಲ ಎನ್ನುವವರೂ ಇದ್ದಾರೆ. ಪುಕ್ಕಟೆ ಸಿಗುವ ಆಡಾಸಿಟಿಯಲ್ಲೇ ಸಪ್ಪಳದ ಒಂದು ತುಣುಕು ತೋರಿಸಿದರೆ ಅದನ್ನು ಇಡೀ ಹಾಡಿನಿಂದ ಕಳೆಯುವ ವ್ಯವಸ್ಥೆ ಇದೆ. ಮಿತವಾಗಿ ಬಳಸಿದರೆ ಉಪಕಾರಿ. ಆದರೆ ಸುಂಯ್ ಇರುವ ಎತ್ತರದ ಸ್ವರಗಳಲ್ಲೇ ತಾಳದ ಝಣತ್ಕಾರವೂ ಏಕತಾರಿಯ ತಂತಿಯ ಮಿನುಗೂ ಇರುತ್ತವೆ. ಮಾಸ್ತರರು ಮಿತದವರಲ್ಲ. ಅವರು ಗುಂಡಿ ಎಳೆದ ಮೇಲೆ ಸುಂಯ್ ಪೂರ್ತಿ ಹೋಗಿರುತ್ತದೆ, ಮುತ್ಯಾ ಬಾವಿಯೊಳಗಿಂದ ಹಾಡುತ್ತಿರುತ್ತಾರೆ.

ಕೊನೆಗೆ ದೊಡ್ಡ ಆಕ್ಷೇಪ ಉಳಿಯುತ್ತದೆ. ಈ ಹಾಡು ಹೋಗುವುದು ವಾಟ್ಸಾಪಿಗೆ, ಅಲ್ಲಿಂದ ಟ್ರ್ಯಾಕ್ಟರಿನ ಸ್ಪೀಕರಿಗೆ. ಗಾಲಿಯ ಗಡಗಡದ ನಡುವೆ ಸುಂಯ್ ಹುಡುಕುವವರು ಯಾರು? ಕ್ಯಾಸೆಟ್ ಕಾಲದಲ್ಲಿ ಇದಕ್ಕಿಂತ ಹೆಚ್ಚು ಸುಂಯ್ ಇತ್ತು, ಜನ ಕೇಳಲಿಲ್ಲವೇ? ಕೇಳಿದರು. ಆದರೂ ನಾನು ಇಲ್ಲಿ ಮಾಸ್ತರರ ಪಕ್ಷ. ಟ್ರ್ಯಾಕ್ಟರಿನ ಹಾಡು ನಾಳೆ ಬದಲಾಗುತ್ತದೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಪುಸ್ತಕ ನೋಡದೆ ಹಾಡುವ ಹಿರಿಯರು, ಬೀಸುವ ಪದ ಬಲ್ಲ ಆಯಿಯಂದಿರು ಎರಡನೆಯ ಟೇಕಿಗೆ ಸಿಗುತ್ತಾರೆಂಬ ಭರವಸೆಯಿಲ್ಲ. ಅವರ ದನಿ ಸಣ್ಣದು. ಸಣ್ಣ ದನಿಯನ್ನು ಮುಂದೆ ಯಾರೋ ದೊಡ್ಡದು ಮಾಡಿ ಕೇಳುವಾಗ ಸುಂಯ್ ಕೂಡ ಅಷ್ಟೇ ದೊಡ್ಡದಾಗುತ್ತದೆ. ಸುಂಯ್ ಬೇಡ ಎನ್ನುವ ಮಾಸ್ತರರ ಹಟ ಸರಿಯೇ, ಅಂಗಡಿಗೆ ಹೋಗುವ ಹಾದಿ ಮಾತ್ರ ತಪ್ಪು.

ಸಂಕೋಚವೆಂಬುದು ಮಾಸ್ತರರ ಸ್ವಭಾವವೇ ಆಗಿರುವುದರಿಂದ ಅದನ್ನು ಬಿಡಿರೆಂದು ಹೇಳಿ ಫಲವಿಲ್ಲ. ಮುತ್ಯಾನನ್ನು ಸರಿಸಲು ಆಗದಿದ್ದರೆ ಮೈಕನ್ನು ಸರಿಸಬಹುದು. ಮೈಕಿಗೆ ಯಾವ ಮರ್ಯಾದೆಯೂ ಇಲ್ಲ. ಆದ್ದರಿಂದ ಇದನ್ನು ಓದುವವರಲ್ಲಿ ಯಾರಾದರೂ ಸುಂಯ್ ಮಾಸ್ತರರಿದ್ದು, ನಾಲ್ಕನೆಯ ಡಬ್ಬಿಗೆ ಹಣ ಕೂಡಿಡುತ್ತಿದ್ದರೆ, ಅದರಲ್ಲಿ ಹತ್ತನೆಯ ಒಂದು ಪಾಲು ತೆಗೆದು, ಗೋಡೆಗೆ ಒರಗಿ ಕೂತವರ ಬಾಯಿಯ ತನಕ ಚಾಚುವ ಉದ್ದ ತೋಳಿನ ಒಂದು ಬೂಮ್ ಸ್ಟ್ಯಾಂಡ್ ಕೊಳ್ಳಿರಿ. ಉಳಿದದ್ದನ್ನು ಭಜನಿ ಮಂಡಳಿಗೆ ಹಂಚಿರಿ, ಅವರಿಗೆ ಇದುವರೆಗೆ ಚಹಾ ಬಿಟ್ಟರೆ ಏನೂ ಸಿಕ್ಕಿಲ್ಲ.