ಚಿರತೆಗೆ ಕರೆಯೋಲೆ

ನಮ್ಮ ಹುಣಸೂರು ಸೀಮೆಯಲ್ಲಿ ಚಿರತೆ ಬಂತೆಂದರೆ ಊರಿಗೆ ಊರೇ ಮೊಬೈಲ್ ಹಿಡಿದು ಹೊರಡುತ್ತದೆ. ಪಾಪದ್ದಕ್ಕೆ ಓಡಲು ದಾರಿಯನ್ನೂ ಬಿಡುವುದಿಲ್ಲ. ಆಮೇಲೆ ಪರಚಿತು ಅಂತ ದೂರು. ಅರಣ್ಯ ಇಲಾಖೆಯ ಸಹಾಯವಾಣಿ 1926 ಒತ್ತಲು ಮಾತ್ರ ಯಾರಿಗೂ ಬೆರಳಿಲ್ಲ.

ಅಲ್ಲ ಸ್ವಾಮಿ, ಅದನ್ನು ಕರೆದವರು ಯಾರು? ಬೀಗರೂಟದ ಎಂಜಲೆಲೆ, ಕೋಳಿ ಅಂಗಡಿಯ ಪುಕ್ಕ, ಕರುಳು ಎಲ್ಲ ಕೆರೆ ಏರಿಗೆ ಸುರಿದೆವು. ಎಂಜಲಿಗೆ ನಾಯಿ ನೆರೆದವು, ನಾಯಿಗೆ ಚಿರತೆ ಬಂತು. ಕರೆಯೋಲೆ ಕಳಿಸಿದ ಮೇಲೆ ನೆಂಟರನ್ನು ಬಯ್ಯುವುದು ಯಾವ ಮರ್ಯಾದೆ?

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸಲು ಬ್ಯಾರನ್‌ಗೆ ರಾಶಿ ರಾಶಿ ಸೌದೆ ಹಾಕಿ, ‘ಯಾಕೋ ಮಳೇನೇ ಇಲ್ಲ ಕಣಣ್ಣ’ ಅಂತ ಆಕಾಶ ನೋಡುತ್ತೇವೆ. ಬದುವಿನ ಮೇಲೆ ನಾಲ್ಕು ಹೆಬ್ಬೇವು ನೆಡಬಾರದೆ?

ಎಚ್.ಡಿ. ಕೋಟೆಯಿಂದ ಮಾನಂದವಾಡಿಗೆ ಹೋಗುವ ಕಾಡುದಾರಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗೇಟು ಮುಚ್ಚುವ ಹೊತ್ತಿಗೆ ಏದುಸಿರು ಬಿಡುತ್ತಾ ಬರುವ ಕಾರಿನವರಿಗೆ ದಾರಿಯಲ್ಲಿ ಕೋತಿಗೆ ಚಿಪ್ಸ್ ತಿನ್ನಿಸಿ ಸೆಲ್ಫಿ ತೆಗೆಯಲು ಮಾತ್ರ ಪುರುಸೊತ್ತಿತ್ತು. ನಾಳೆ ಅದೇ ಕೋತಿ ನಡುರಸ್ತೆಯಲ್ಲಿ ಕೂತು ಸುಂಕ ಕೇಳುತ್ತದೆ.

ಇನ್ನು ಕೆ.ಆರ್. ನಗರದವರೇ, ಚುಂಚನಕಟ್ಟೆಗೆ ಬುತ್ತಿ ಕಟ್ಟಿಕೊಂಡು ಹೋದರೆ ಖಾಲಿ ಕವರನ್ನೂ ದಯವಿಟ್ಟು ಮನೆಗೇ ತನ್ನಿ. ಕಾವೇರಿಗೆ ಅದರ ಹಂಗಿಲ್ಲ.