ಇಸ್ಟೇರಿಂಗು: ಒಂದು ಶಬ್ದಾರ್ಥ ಮೀಮಾಂಸೆ

ಹಲ್ಮಿಡಿ ಶಾಸನ ಸಿಕ್ಕ ಜಿಲ್ಲೆಯವರಾದ್ದರಿಂದ ಶಬ್ದದ ವಿಷಯಕ್ಕೆ ಬಾಯಿ ಹಾಕಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ ಸ್ಟೇರಿಂಗ್ ಶಬ್ದ ಇಲ್ಲ. ಹದಿಮೂರನೇ ಶತಮಾನದಲ್ಲಿ ಟ್ರ್ಯಾಕ್ಟರ್ ಇರಲಿಲ್ಲವೆಂದು ಮನ್ನಿಸೋಣ.

ಮೊದಲು ರೂಪ. ಹಾಸನ ಪೇಟೆಯಲ್ಲಿ 'ಸ್ಟೇರಿಂಗ್' ಎಂದು ಬಸ್ಸು ಹತ್ತುವ ಶಬ್ದ, ಅರಕಲಗೂಡು ಕಡೆಯ ಹಳ್ಳಿಯಲ್ಲಿ 'ಇಸ್ಟೇರಿಂಗು' ಎಂದು ಇಳಿಯುತ್ತದೆ. ಇಸ್ಕೂಲಿನ ಹಾಗೆ. ಮುಂದೊಂದು 'ಇ', ಹಿಂದೊಂದು 'ಉ': ಕ್ಲೀನರ್, ಕಂಡಕ್ಟರ್ ಇಲ್ಲದೆ ನಮ್ಮಲ್ಲಿ ಗಾಡಿ ಹೊರಡುವುದಿಲ್ಲ.

ಇಂಗ್ಲಿಷ್ ಬೇಡವೆನ್ನುವ ಪಂಡಿತರು 'ಚುಕ್ಕಾಣಿ' ಎನ್ನಿ ಎನ್ನುತ್ತಾರೆ. ಅದು ಅರಬ್ಬಿಯ 'ಸುಕ್ಕಾನ್', ಹಡಗಿನ ಸಾಮಾನು. ಚನ್ನರಾಯಪಟ್ಟಣದಲ್ಲಿ ಅದು ತೇಲುವುದು ಪತ್ರಿಕೆಯ ತಲೆಬರಹದಲ್ಲಿ ಮಾತ್ರ. ಹೊಲದಲ್ಲಿ ನೇಗಿಲಿನ ಮೇಣಿ ಇತ್ತು. ಪಾಪ, ಅದನ್ನು ಯಾರೂ ಕೇಳಲಿಲ್ಲ.

ಇನ್ನು ಅರ್ಥ. ಸ್ಟೇರಿಂಗ್ ಟೈಟಾದರೆ ಮೆಕ್ಯಾನಿಕ್, ಹಿಡಿದವನು ಟೈಟಾದರೆ ಪೊಲೀಸ್. ಇದರಲ್ಲಿ ಮತಭೇದವಿಲ್ಲ. 'ಮನೆ ಇಸ್ಟೇರಿಂಗು ಅಕ್ಕನ ಕೈಲೈತೆ' ಎಂಬಲ್ಲಿ ಭಾವ ಪಕ್ಕದ ಸೀಟು. ಆದ್ದರಿಂದ ನಮ್ಮ ಸಿದ್ಧಾಂತ: ಕೂತವನು ಬೇರೆ, ತಿರುಗಿಸುವವನು ಬೇರೆ.

ಪ್ರಮಾಣವೂ ಇದೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಸಂಯುಕ್ತ ರಂಗಕ್ಕೆ ಒಂದು ಸ್ಟೇರಿಂಗ್ ಕಮಿಟಿಯೇ ಇತ್ತು. ಸೀಟು ಒಂದು, ಕೈ ಹಲವು. ಮೇಲೆ ಕಾಂಗ್ರೆಸ್ಸಿನ ಬೆಂಬಲ, ಅದೂ ಗಾಡಿಯ ಹೊರಗಿನಿಂದ. 1997ರ ಏಪ್ರಿಲ್‌ಗೆ ಡ್ರೈವರ್ ಬದಲಾದರು.

ಕ್ಷೇತ್ರಕಾರ್ಯ ಹಾಸನದಲ್ಲೇ ಆಯಿತು. ಆಲೂಗೆಡ್ಡೆ ಮೂಟೆ ಹೊತ್ತ ಟ್ರೇಲರನ್ನು ಹುಡುಗನೊಬ್ಬ ಮಂಡಿಯೊಳಕ್ಕೆ ರಿವರ್ಸ್ ತೆಗೆಯುತ್ತಿದ್ದ. ರಿವರ್ಸಿನಲ್ಲಿ ಸ್ಟೇರಿಂಗ್ ಬಲಕ್ಕೆಳೆದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ. ಇದು ತಿಳಿದವರು ಅಲ್ಲಿ ಆರು ಜನ. 'ಲೆಫ್ಟ್ ಕಟ್ ಮಾಡ್ಲಾ!' 'ಲೇ, ರೈಟ್ ಕಣ್ಲಾ, ಫುಲ್ ಕಟ್!' 'ಬರ್ಲಿ, ಬರ್ಲಿ, ಬರ್ಲಿ...' ಕೊನೆಯ ಮಾತಿಗೆ ಹಿಂದಿನ ಗಾಲಿ ಚರಂಡಿಯಲ್ಲಿತ್ತು.

ಹುಡುಗ ಎಂಜಿನ್ ಆರಿಸಿ ಕೆಳಗಿಳಿದ. ಹೆಗಲ ಟವಲಿನಿಂದ ಮುಖ ಒರೆಸಿಕೊಂಡು, 'ಬಾರಣ್ಣ, ನೀನೇ ಹತ್ತು' ಎಂದ.

ಕಮಿಟಿ ಟೀ ಅಂಗಡಿ ಕಡೆ ನಡೆಯಿತು.