ಚಿತ್ರಕಡತಗಳ ಕುಲನಿರ್ಣಯ ಮೀಮಾಂಸೆ

ಚಿತ್ರಕಡತವೊಂದರ ಕುಲವನ್ನು ಅದರ ಹೆಸರು ನೋಡಿ ಹೇಳಬೇಕೇ, ಹೊಟ್ಟೆ ಬಗೆದು ಹೇಳಬೇಕೇ ಎಂಬ ವಿವಾದವು ಕಾಸರಗೋಡು ಜಿಲ್ಲೆಯ ಅಕ್ಷಯ ಕೇಂದ್ರಗಳಲ್ಲಿ, ಅಂದರೆ ಸರಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿ ಕಳುಹಿಸುವ ಆ ಜ್ಞಾನಮಂಟಪಗಳಲ್ಲಿ, ಕೊನೆಯ ದಿನ ಸಮೀಪಿಸಿದಂತೆಲ್ಲ ಉಗ್ರರೂಪ ತಾಳುತ್ತದೆ. ಐಫೋನಿನಲ್ಲಿ ತೆಗೆದ ಭಾವಚಿತ್ರದ ಹೆಸರಿನ ತುದಿಯಲ್ಲಿದ್ದ ‘ಎಚ್‌ಇಐಸಿ’ಯನ್ನು ಅಳಿಸಿ ‘ಜೆಪಿಜಿ’ ಎಂದು ಬರೆದು, ಅಷ್ಟರಿಂದಲೇ ಚಿತ್ರಕ್ಕೆ ಪುನರ್ಜನ್ಮವಾಯಿತೆಂದು ನಂಬುವ ಉದ್ಯೋಗಾರ್ಥಿಯೂ ಅದನ್ನು ಒಪ್ಪದ ಯಂತ್ರವೂ ಎದುರುಬದುರಾಗುವ ಈ ಸನ್ನಿವೇಶದ ಬಗ್ಗೆ ಪೂರ್ವಸೂರಿಗಳು ಒಂದಕ್ಷರವನ್ನೂ ಬರೆಯದೆ ಹೋದುದು, ಅವರ ಕಾಲಕ್ಕೆ ವಿದ್ಯುತ್ತು ಇರಲಿಲ್ಲವೆಂಬ ಅಲ್ಪ ಕಾರಣವನ್ನು ಬದಿಗಿಟ್ಟರೆ, ಅಕ್ಷಮ್ಯವೇ ಸರಿ.

ಈ ಶಾಸ್ತ್ರದಲ್ಲಿ ಮೂರು ಪಂಥಗಳಿವೆ. ಶಬ್ದಪ್ರಮಾಣವಾದಿಗಳು, ಕಡತವನ್ನು ಕಳುಹಿಸುವ ಬ್ರೌಸರು ‘ಇದು ಇಂಥ ಬಗೆಯದು’ ಎಂದು ಜತೆಗೆ ಹೇಳಿ ಕಳುಹಿಸುವ ಮಾತನ್ನು, ಅಂದರೆ ಕಂಟೆಂಟ್-ಟೈಪ್ ಎಂಬುದನ್ನು, ಆಪ್ತವಾಕ್ಯವೆಂದು ಸ್ವೀಕರಿಸುತ್ತಾರೆ. ಅನುಮಾನವಾದಿಗಳು ಹೆಸರಿನ ಕೊನೆಯ ಚುಕ್ಕೆಯ ಆಚೆಗಿರುವ ಎಕ್ಸ್‌ಟೆನ್ಶನ್ ಎಂಬ ಬಾಲವನ್ನು ಕಂಡು, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಒಳಗಿನ ವಸ್ತುವನ್ನು ಊಹಿಸುತ್ತಾರೆ. ಬ್ರೌಸರು ಸಾಮಾನ್ಯವಾಗಿ ಅದೇ ಬಾಲವನ್ನು ನೋಡಿಯೇ ತನ್ನ ಆಪ್ತವಾಕ್ಯವನ್ನು ಉಚ್ಚರಿಸುವುದರಿಂದ, ಮೊದಲೆರಡು ಪಂಥಗಳ ನಡುವಿನ ಸುದೀರ್ಘ ವಾಗ್ವಾದಕ್ಕೆ ಮನರಂಜನೆಯ ಹೊರತು ಬೇರೆ ಫಲವಿಲ್ಲ. ಮೂರನೆಯವರು ಪ್ರತ್ಯಕ್ಷವಾದಿಗಳು; ಕಡತವನ್ನು ತೆರೆದು ಮೊದಲ ಕೆಲವು ಬೈಟುಗಳನ್ನು ಓದುವ ಇವರನ್ನು ಉದರವಾದಿಗಳೆಂದೂ ಕರೆಯಬಹುದು.

ಬಾಲವನ್ನು ನಂಬಬಾರದೆಂದು ತಿಳಿಯಲು ಕಂಪ್ಯೂಟರೇ ಬೇಕೆಂದಿಲ್ಲ, ಕಾಸರಗೋಡು ಸಾಕು. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ತಾಲೂಕಿನ ಬಾಲವನ್ನು 1956ರ ನವೆಂಬರ್ 1ರಂದು ಕತ್ತರಿಸಿ ‘ಕೇರಳ’ ಎಂದು ಅಂಟಿಸಲಾಯಿತು. 1984ರ ಮೇ 24ರಂದು ಇದೇ ಹೆಸರಿನ ಜಿಲ್ಲೆಯೂ ಹುಟ್ಟಿತು. ಆದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕಗಳ ಅಂಗಡಿ ಜಗಲಿಗಳಲ್ಲಿ ಕಿವಿಗೊಟ್ಟವರಿಗೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದುಗಳು, ಯಾರೂ ಗಜೆಟ್ ಓದಿಲ್ಲವೆಂಬಂತೆ, ಮೊದಲಿನಂತೆಯೇ ಕೇಳಿಸುತ್ತಿದ್ದವು. ಗಡಿ ವಿವಾದದ ಉದರಪರೀಕ್ಷೆಗೆ ಬಂದ ಮಹಾಜನ ಆಯೋಗವು 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತಾದರೂ ಬಾಲ ಅಲುಗಲಿಲ್ಲ. ಪತ್ತೆ ಮಾಡುವ ಕೆಲಸ ಬೇರೆ, ಪತ್ತೆಯಾದುದನ್ನು ಒಪ್ಪುವ ಕೆಲಸ ಬೇರೆ ಎಂಬ ಈ ಸೂಕ್ಷ್ಮವನ್ನು ಪ್ರೋಗ್ರಾಮಿಂಗ್ ಪಠ್ಯಗಳು ಗಮನಿಸಿದಂತಿಲ್ಲ.

ಇನ್ನು ಲಕ್ಷಣಗಳು. ಬೈಟ್ ಎಂದರೆ 0ರಿಂದ 255ರೊಳಗಿನ ಒಂದು ಸಂಖ್ಯೆ; ಕಡತವೆಂದರೆ ಅಂಥ ಸಂಖ್ಯೆಗಳ ಸಾಲು; ಆ ಸಾಲಿನ ಆರಂಭದಲ್ಲಿ ಬಹುತೇಕ ಕುಲಗಳು ಇಟ್ಟುಕೊಂಡ ಗುರುತಿಗೆ ಮ್ಯಾಜಿಕ್ ನಂಬರ್ ಎಂದು ಹೆಸರು. ಜೆಪೆಗ್ ಕಡತವು 255, 216, 255 ಎಂದು ಆರಂಭವಾಗುತ್ತದೆ. ಬಿಎಂಪಿ ತನ್ನ ಹೆಸರಿನ ಎರಡಕ್ಷರಗಳನ್ನು, ಜಿಐಎಫ್ ತನ್ನ ಹೆಸರಿನೊಡನೆ 1987 ಅಥವಾ 1989ರ ಆವೃತ್ತಿಯ ಗುರುತನ್ನು ಹೇಳಿಕೊಂಡೇ ಒಳಬರುತ್ತವೆ. ಪಿಎನ್‌ಜಿಯ 137, 80, 78, 71, 13, 10, 26, 10 ಎಂಬ ಅಷ್ಟಾಕ್ಷರಿಯು ಮಾತ್ರ ಭಾಷ್ಯಕ್ಕೆ ಅರ್ಹವಾದುದು. ಮೊದಲ 137, ಸಾದಾ ಅಕ್ಷರಗಳ ಮಿತಿಯಾದ 127ನ್ನು ದಾಟಿರುವುದರಿಂದ, ದಾರಿಯಲ್ಲಿ ಯಾರಾದರೂ ಬೈಟಿನ ಎಂಟನೆಯ ಬಿಟ್ಟನ್ನು ನುಂಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾರೆ. ಮುಂದಿನ ಮೂರು ಕುಲನಾಮ. 13 ಮತ್ತು 10 ಸಾಲು ಮುರಿಯುವ ಚಿಹ್ನೆಗಳಾಗಿದ್ದು, ಪಠ್ಯವೆಂದು ಭ್ರಮಿಸಿ ಅವನ್ನು ತಿದ್ದುವ ಅತಿಬುದ್ಧಿವಂತ ಯಂತ್ರಗಳನ್ನು ಹಿಡಿಯುತ್ತವೆ. 26 ಎಂಬುದು ಹಳೆಯ ಡಾಸ್ ಯಂತ್ರದ ಪರದೆಯ ಮೇಲೆ ಚಿತ್ರದ ಕರುಳು ಸುರಿಯದಂತೆ ತಡೆಯುತ್ತದೆ. ಕೊನೆಯ 10, ವಿರುದ್ಧ ದಿಕ್ಕಿನ ತಿದ್ದುಪಡಿಗಾರರಿಗೆ ಮೀಸಲು. ಎಂಟು ಬೈಟುಗಳಲ್ಲಿ ಇಷ್ಟೊಂದು ಅಪನಂಬಿಕೆಯನ್ನು ತುಂಬಿದ ಇನ್ನೊಂದು ಕೃತಿಯನ್ನು ಹುಡುಕಬೇಕಾದರೆ ಕಂದಾಯ ಇಲಾಖೆಯ ನಮೂನೆಗಳತ್ತಲೇ ಹೋಗಬೇಕಾದೀತು.

ಟಿಫ್ ಎಂಬುದು ಸಂಖ್ಯೆಗಳನ್ನು ಯಾವ ತುದಿಯಿಂದ ಓದಬೇಕೆಂಬುದನ್ನು ‘ಐಐ’ ಅಥವಾ ‘ಎಂಎಂ’ ಎಂದು ಮೊದಲೇ ಸೂಚಿಸಿ, ಬಳಿಕ 42 ಎಂದು ನುಡಿದು ಸುಮ್ಮನಾಗುತ್ತದೆ. ವೆಬ್‌ಪಿಯ ಮೊದಲ ನಾಲ್ಕು ಬೈಟುಗಳಾದ ‘ಆರ್‌ಐಎಫ್‌ಎಫ್’ ಧ್ವನಿಯ ಕಡತವಾದ ವೇವ್‌ಗೂ ಸಾಮಾನ್ಯವಾಗಿರುವುದರಿಂದ, ಅಷ್ಟಕ್ಕೇ ನಿಲ್ಲಿಸಿದ ಅವಸರದ ಪಂಡಿತನು ಹಾಡನ್ನು ಚಿತ್ರವೆಂದು ಘೋಷಿಸುವ ಅಪಾಯವಿದೆ. ಒಂಬತ್ತನೆಯ ಬೈಟಿನಿಂದ ಹನ್ನೆರಡನೆಯದರವರೆಗೆ ಓದಿದರಷ್ಟೇ ಕುಲ ಸ್ಪಷ್ಟ. ಎಚ್‌ಇಐಸಿಯದೂ ಇದೇ ಕಥೆ: ಐದರಿಂದ ಎಂಟರವರೆಗಿನ ‘ಎಫ್‌ಟಿವೈಪಿ’ಯನ್ನು ಎಂಪಿ4 ವಿಡಿಯೋ ಸಹ ಧರಿಸುತ್ತದೆ, ಮುಂದಿನ ನಾಲ್ಕೇ ನಿರ್ಣಾಯಕ. ಅಕ್ಷಯ ಕೇಂದ್ರದ ಉದ್ಯೋಗಾರ್ಥಿಯು ಸೋಲುವುದು ಸರಿಯಾಗಿ ಇಲ್ಲಿಯೇ.

1973ರಷ್ಟು ಹಿಂದೆಯೇ ಯುನಿಕ್ಸ್‌ನಲ್ಲಿ ‘ಫೈಲ್’ ಎಂಬ ಆಜ್ಞೆಯ ರೂಪದಲ್ಲಿ ಕಾಣಿಸಿಕೊಂಡ ಉದರವಾದವು ನಿರ್ದೋಷವೆಂದು ಭಾವಿಸಬಾರದು. ಕಡತದ ತಲೆಗೆ ಜಿಐಎಫ್‌ನ ಆರಕ್ಷರಗಳನ್ನು ಹಚ್ಚಿ, ಅದರ ಬೆನ್ನಿಗೆ ಸರ್ವರನ್ನು ಕೆಡಿಸುವ ಪಿಎಚ್‌ಪಿ ಕೋಡನ್ನು ಬರೆದಿಟ್ಟರೆ, ತಲೆಯನ್ನಷ್ಟೇ ನೋಡುವ ಪರೀಕ್ಷಕನು ಕೈಮುಗಿದು ಒಳಗೆ ಬಿಡುತ್ತಾನೆ. ಆದುದರಿಂದ ನವ್ಯ ಉದರವಾದಿಗಳು ಚಿತ್ರವನ್ನು ಪೂರ್ತಿಯಾಗಿ ಬಿಡಿಸಿ, ಹೊಸದಾಗಿ ಮತ್ತೆ ಕಟ್ಟಿ ಇಡಬೇಕೆನ್ನುತ್ತಾರೆ. ಎಸ್‌ವಿಜಿಗಂತೂ ಮ್ಯಾಜಿಕ್ ನಂಬರೇ ಇಲ್ಲ; ಅದು ಬರಿಯ ಪಠ್ಯವಾದುದರಿಂದ, ಅದನ್ನು ಚಿತ್ರವೆನ್ನುವುದೋ ಪ್ರಬಂಧವೆನ್ನುವುದೋ ಎಂಬ ಪ್ರಶ್ನೆಯನ್ನು ಸಾಹಿತ್ಯ ವಿಭಾಗಕ್ಕೆ ವರ್ಗಾಯಿಸುವುದೇ ಕ್ಷೇಮ.

ಈ ಪಂಥಗಳನ್ನೆಲ್ಲ ಮೀರಿದ ಸಮನ್ವಯವನ್ನು ಸಾಧಿಸಿದ ಕೀರ್ತಿ ಕೇರಳ ಪಿಎಸ್‌ಸಿಗೆ, ಅಂದರೆ ಲೋಕಸೇವಾ ಆಯೋಗಕ್ಕೆ, ಸಲ್ಲಬೇಕು. ಅದರ ನೋಂದಣಿಗೆ ಸಲ್ಲಿಸುವ ಭಾವಚಿತ್ರವು ಜೆಪೆಗ್ ಆಗಿರಬೇಕಷ್ಟೇ ಅಲ್ಲ, ಚಿತ್ರದ ಒಳಗೇ, ಮುಖದ ಕೆಳಗೆ, ಅಭ್ಯರ್ಥಿಯ ಹೆಸರೂ ಚಿತ್ರ ತೆಗೆದ ದಿನಾಂಕವೂ ಅಚ್ಚಾಗಿರಬೇಕು. ಹೀಗೆ ನಾಮವನ್ನೇ ಉದರಕ್ಕೆ ಇಳಿಸಿದ ಈ ವಿಧಾನದಿಂದ ಇಬ್ಬರು ಪ್ರತಿವಾದಿಗಳ ಬಾಯನ್ನೂ ಏಕಕಾಲಕ್ಕೆ ಮುಚ್ಚಿಸಿದಂತಾಗಿದೆ. ಮೊದಲ ಮೂರು ಬೈಟುಗಳನ್ನಷ್ಟೇ ಓದುವ ಪರೀಕ್ಷಕನಿಗೆ ಮಾತ್ರ ಆ ಹೆಸರು ಕಾಣಿಸುವುದಿಲ್ಲ.